ವಿಷಭೂಮಿಶೋಧನದ ವೆಚ್ಚವೂ ಅದರ ಮರುಪಾವತಿಯೂ

ವಿಷದ್ರವ್ಯಗಳಿಂದ ಕೆಟ್ಟ ನೆಲಜಲಗಳ ಶೋಧನಾರ್ಥವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1980ರಲ್ಲಿ ಒಂದು ಶಾಸನವು ಹುಟ್ಟಿತು. 'ಸೂಪರ್‌ಫಂಡ್' ಎಂಬುದು ಅದರ ರೂಢನಾಮ. ಸರ್ಕಾರದ ಶೋಧನಾಜ್ಞೆಯನ್ನು ಮೊದಲು ಪಾಲಿಸತಕ್ಕದ್ದು, ವಿವಾದವೇನಿದ್ದರೂ ಬಳಿಕ ಎಂಬುದು ಅದರ ನಿಯಮ. ವ್ಯಾಜ್ಯವು ಮುಗಿಯುವವರೆಗೆ ವಿಷವು ಕಾದಿರುವುದಿಲ್ಲವಷ್ಟೆ. ಆದರೆ ಹೊಣೆಯಿಲ್ಲದವನು ಹಣವನ್ನು ಕಳೆದುಕೊಳ್ಳುವುದೂ ನ್ಯಾಯವಲ್ಲ. ಆದುದರಿಂದ 1986ರ ತಿದ್ದುಪಡಿಯು ಮರುಪಾವತಿಯ ಮಾರ್ಗವನ್ನು ಕಲ್ಪಿಸಿತು.

ಆಜ್ಞಪ್ತಕಾರ್ಯವು ಮುಗಿದ 60 ದಿನಗಳೊಳಗೆ ಅರ್ಜಿಯನ್ನು ಸಲ್ಲಿಸಬೇಕು. ಅದು ನಿರಾಕೃತವಾದಲ್ಲಿ 30 ದಿನಗಳೊಳಗೆ ಸಂಯುಕ್ತ ಸರ್ಕಾರದ ಜಿಲ್ಲಾ ನ್ಯಾಯಾಲಯದಲ್ಲಿ ದಾವೆಯನ್ನು ಹೂಡಬಹುದು. ಪ್ರಮಾಣಭಾರವು ಅರ್ಜಿದಾರನದೇ: ತಾನು ಹೊಣೆಗಾರನಲ್ಲವೆಂದೂ ಮಾಡಿದ ವೆಚ್ಚವು ಯುಕ್ತವೆಂದೂ ಅವನು ಸಾಧಿಸಬೇಕು. ಹೊಣೆಗಾರನಿಗೂ ಒಂದು ದಾರಿಯುಂಟು: ವಿಧಿಸಿದ ಕ್ರಮವು ಸ್ವೇಚ್ಛಾಪ್ರೇರಿತವೆಂದೋ ಶಾಸನವಿರುದ್ಧವೆಂದೋ ಅವನು ಸ್ಥಾಪಿಸಿದರೆ ಆ ಭಾಗದ ವೆಚ್ಚವು ಅವನಿಗೆ ಸಲ್ಲುವುದು. ಹೀಗೆ ಇಲ್ಲಿ ವಿಧೇಯತೆಯು ಮೊದಲು, ವಿಚಾರಣೆಯು ಅನಂತರ.