ಪಬ್ಲಿಕ್ ಗಾರ್ಡನ್ಸಿನ ಈಜಿಪ್ಟ್ ಕನ್ಯೆ

ಕೋಠಿಯಿಂದ ಆಬಿಡ್ಸ್ ದಾಟಿ ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸಿಗೆ ಹೋದರೆ, ಅಲ್ಲಿಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಒಂದು ಹೆಣ್ಣಿನ ಶವವಿದೆ. ನೈಶು ಎಂಬ ರಾಜಕುಮಾರಿಯದೆಂದು ಹೇಳುತ್ತಾರೆ. ಆರನೆಯ ನಿಜಾಮರ ಅಳಿಯ ನಜೀರ್ ನವಾಜ್ ಜಂಗರು ಸಾವಿರ ಪೌಂಡು ತೆತ್ತು ತಂದುದನ್ನು ಏಳನೆಯ ನಿಜಾಮರು 1930ರಲ್ಲಿ ಸಂಗ್ರಹಾಲಯಕ್ಕೆ ದಯಪಾಲಿಸಿದರು.

ಮಮ್ಮಿ ಎಂದೊಡನೆ ನಮ್ಮ ಹುಡುಗರಿಗೆ ನೆನಪಾಗುವುದು ಬಟ್ಟೆ ಸುತ್ತಿಕೊಂಡು ಎದ್ದುಬರುವ ಪ್ರೇತ. ಅದು 1932ರಲ್ಲಿ ಬೋರಿಸ್ ಕಾರ್ಲಾಫ್ ನಟಿಸಿದ ಚಿತ್ರದಿಂದೀಚೆಗೆ ಸಿನಿಮಾದವರು ಬೆಳೆಸಿದ ಭಯ. ಈಜಿಪ್ಟಿನವರ ನಂಬಿಕೆಯೇ ಬೇರೆ. ಸತ್ತವನ ಚೇತನವು ಮರಳಿ ಬಂದು ತನ್ನ ದೇಹವನ್ನು ಗುರುತಿಸಬೇಕು. ದೇಹ ಕೆಟ್ಟರೆ ಅದಕ್ಕೆ ನೆಲೆಯಿಲ್ಲ. ಆದುದರಿಂದ ಒಳಗಿನ ಅಂಗಗಳನ್ನು ತೆಗೆದು, ನೇಟ್ರಾನ್ ಎಂಬ ಲವಣದಲ್ಲಿ ಸುಮಾರು 40 ದಿನ ಹುದುಗಿಡುತ್ತಿದ್ದರು. ಲವಣವು ನೀರನ್ನು ಹೀರಿದರೆ ಪದಾರ್ಥ ಕೊಳೆಯದೆಂಬುದನ್ನು ಉಪ್ಪಿನಕಾಯಿ ಹಾಕುವ ನಮ್ಮ ಅಡಿಗೆಭಟ್ಟರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೃದಯವನ್ನು ಮಾತ್ರ ಒಳಗೇ ಬಿಡುತ್ತಿದ್ದರು. ಪರಲೋಕದಲ್ಲಿ ಅದನ್ನು ಸತ್ಯದೇವತೆಯ ಗರಿಯೊಡನೆ ತೂಗುವರಂತೆ! ಬಟ್ಟೆ ಸುತ್ತಿ ಮುಗಿಸುವಷ್ಟರಲ್ಲಿ 70 ದಿನ. ಆಮೇಲೆ ಸತ್ತವರ ಹೆಸರನ್ನು ಉಚ್ಚರಿಸಿ ರೊಟ್ಟಿ, ಪಾನೀಯಗಳನ್ನು ಎಡೆಯಿಡುವುದು ಮಕ್ಕಳ ಕರ್ತವ್ಯ.

ಹಿಂದೆ ನಮ್ಮ ಹೋಟೆಲಿನಲ್ಲಿದ್ದ ಮಾಣಿಯೊಬ್ಬನನ್ನು ಅಲ್ಲಿಗೆ ಕರೆದೊಯ್ದು ಇದನ್ನೆಲ್ಲ ವಿವರಿಸಿದೆವು. ಅವನು ಬಹಳ ಹೊತ್ತು ನೋಡಿ, “ಧಣಿಗಳೇ, ಇಲ್ಲಿ ಈಕೆಗೆ ಎಡೆಯಿಡುವವರು ಯಾರು?” ಎಂದನು. ತಾಯಿಯ ತಿಥಿಗೆ ಎರಡು ವರ್ಷ ಊರಿಗೆ ಹೋಗಲಾಗದೆ ಉಳಿದವನು ಅವನು. ರಜೆ ಕೊಡದಿದ್ದವರು ನಾವೇ.