ಬಾರ್ನಬರ ಸಹಸೇವೆ

ಪ್ರೇಷಿತರ ಕಾರ್ಯಕಲಾಪಗಳ 15ನೆಯ ಅಧ್ಯಾಯದಲ್ಲಿ ಸಂತ ಲೂಕರು ಪೌಲ ಮತ್ತು ಬಾರ್ನಬರ ನಡುವಣ ಬಿರುಕನ್ನು ಮುಚ್ಚಿಡುವುದಿಲ್ಲ. ಅವರು ಬಳಸುವ ‘ಪರೊಕ್ಸಿಸ್ಮೊಸ್’ ಎಂಬ ಗ್ರೀಕ್ ಪದವು ಸೌಮ್ಯ ಭಿನ್ನಮತವನ್ನಲ್ಲ, ಕೆರಳಿದ ವಾಗ್ವಾದವನ್ನೇ ಸೂಚಿಸುತ್ತದೆ. ಪಂಫೀಲಿಯದಲ್ಲಿ ಸೇವೆಯನ್ನು ನಡುವೆಯೇ ತೊರೆದಿದ್ದ ಮಾರ್ಕರನ್ನು ಮತ್ತೆ ಕರೆದೊಯ್ಯಲು ಪೌಲರು ಒಪ್ಪಲಿಲ್ಲ. ಅವರ ನಿಲುವು ನಿರಾಧಾರವೇನಲ್ಲ. ಒಬ್ಬ ಸಹಸೇವಕನು ಕೈಬಿಟ್ಟರೆ ಹೊರೆಯು ಉಳಿದವರ ಹೆಗಲೇರುತ್ತದೆ. ಬಾರ್ನಬರಾದರೋ ಮಾರ್ಕರೊಡನೆ ಸೈಪ್ರಸ್‌ಗೆ ಹಡಗನ್ನೇರಿದರು.

ಮಾರ್ಕರು ಅವರ ಸೋದರಸಂಬಂಧಿಯೆಂಬುದು ನಿಜ (ಕೊಲೊಸ್ಸೆ 4:10). ಆದರೆ ಜೆರುಸಲೇಮಿನ ಶಿಷ್ಯರು ಪೌಲರಿಗೇ ಅಂಜಿ ದೂರ ಸರಿದಾಗ, ಅವರನ್ನು ಪ್ರೇಷಿತರ ಬಳಿಗೆ ಕರೆತಂದವರೂ ಬಾರ್ನಬರೇ (9:27). ಅಲ್ಲಿ ಯಾವ ಬಂಧುತ್ವವಿತ್ತು?

ತಿಮೊಥೇಯರಿಗೆ ಬರೆದ ಎರಡನೆಯ ಪತ್ರದಲ್ಲಿ, ಸೆರೆಯಲ್ಲಿರುವ ಪೌಲರು ಮಾರ್ಕರನ್ನು ಕರೆತರುವಂತೆ ಹೇಳುತ್ತಾರೆ. ಸೇವೆಗೆ ಅವರು ಉಪಯುಕ್ತರೆಂಬುದೇ ಕಾರಣ (4:11). ಬಾರ್ನಬರ ಹೆಸರು ಆ ಪತ್ರದಲ್ಲಿಲ್ಲ.