ಕಟ್ಟುವ ಮುನ್ನ ಕಟ್ಟಿ ನೋಡು

ಆಸ್ಪತ್ರೆಯೊಂದರ ನಕ್ಷೆ ಇನ್ನೇನು ಮುಗಿಯುವ ಹಂತದಲ್ಲಿದೆ ಎಂದುಕೊಳ್ಳಿ. ಎರಡನೇ ಮಹಡಿಯ ವಾರ್ಡಿನ ಬಾಗಿಲು 900 ಮಿ.ಮೀ. ಅಗಲವಿದೆ. ರೋಗಿಯನ್ನು ಮಂಚದ ಸಮೇತ ಸಾಗಿಸಬೇಕು, 1,200 ಇಲ್ಲದಿದ್ದರೆ ಆಗದು ಎನ್ನುತ್ತಾರೆ ವೈದ್ಯರು. ಬದಲಾಗಬೇಕಾದದ್ದು ಬರೀ 300 ಮಿ.ಮೀ. ಆದರೆ ಆ ಬಾಗಿಲು ಮಹಡಿಯ ಪ್ಲಾನಿನಲ್ಲಿದೆ, ಸೆಕ್ಷನ್‌ನಲ್ಲಿದೆ, ಒಳಗೋಡೆಯ ಎಲಿವೇಶನ್‌ನಲ್ಲಿದೆ, ಬಾಗಿಲು–ಕಿಟಕಿಗಳ ಪಟ್ಟಿಯಲ್ಲೂ ಇದೆ. ಮೇಲಿನ ಲಿಂಟಲ್ ಉದ್ದವಾಗಬೇಕು, ಅದರ ಕಂಬಿಯ ಲೆಕ್ಕ ಬದಲಾಗಬೇಕು, ಪಕ್ಕದ ಸ್ವಿಚ್‌ಬೋರ್ಡ್ ಸರಿಯಬೇಕು, ಇಟ್ಟಿಗೆ–ಗಾರೆ–ಬಣ್ಣದ ಅಂದಾಜು ತಿದ್ದಬೇಕು. ಇಷ್ಟರಲ್ಲಿ ಒಂದು ಹಾಳೆ ಕಣ್ತಪ್ಪಿದರೂ ಸಾಕು: ಬಡಗಿ ತಂದ ಚೌಕಟ್ಟಿನ ಅಳತೆ ಒಂದಾದರೆ, ಮೇಸ್ತ್ರಿ ಗೋಡೆಯಲ್ಲಿ ಬಿಟ್ಟ ಜಾಗದ ಅಳತೆ ಇನ್ನೊಂದಾಗಿರುತ್ತದೆ.

ಒಂದೇ ಸಂಗತಿಯನ್ನು ಹತ್ತು ಕಡೆ ಬರೆಯುವುದರಿಂದ ಹುಟ್ಟುವ ತಪ್ಪಿದು. ಇದನ್ನು ಬೇರಿನಲ್ಲೇ ಕೀಳುವುದು ಹೇಗೆ ಎಂಬ ಹುಡುಕಾಟಕ್ಕೆ ಈಗ ಅರ್ಧ ಶತಮಾನ ದಾಟಿದೆ. ಅದರ ಫಲವೇ ಇಂದು ಕಟ್ಟಡ ವಿನ್ಯಾಸದ ಕಚೇರಿಗಳಲ್ಲಿ ‘ಬಿಮ್’ ಎಂದು ಕರೆಯುವ ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್.

ನಕ್ಷೆಯ ಬದಲು ಗಣಕ

1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶ ಬರೆದು ಡಾಕ್ಟರೇಟ್ ಪಡೆದರು. ಟಿಎಕ್ಸ್-2 ಎಂಬ ಗಣಕದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯಬಹುದಿತ್ತು. ಗೆರೆ ಎಳೆದದ್ದಕ್ಕಿಂತ ದೊಡ್ಡ ಸಂಗತಿ ಒಂದಿತ್ತು. ಈ ಎರಡು ಗೆರೆ ಸದಾ ಸಮಾನಾಂತರವಾಗಿರಲಿ ಎಂದು ಒಮ್ಮೆ ಹೇಳಿದರೆ ಗಣಕ ಆ ನಿಯಮವನ್ನು ನೆನಪಿಟ್ಟುಕೊಂಡು ಪಾಲಿಸುತ್ತಿತ್ತು. ಒಂದು ಮೂಲಚಿತ್ರ ಬರೆದು ಅದರ ಪ್ರತಿಗಳನ್ನು ಹಲವೆಡೆ ಇಟ್ಟರೆ, ಮೂಲ ತಿದ್ದಿದಾಗ ಪ್ರತಿಗಳೂ ತಾವಾಗಿ ತಿದ್ದಿಕೊಳ್ಳುತ್ತಿದ್ದವು.

ಈ ಬೀಜವನ್ನು ಕಟ್ಟಡದ ನೆಲದಲ್ಲಿ ಬಿತ್ತಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಈಸ್ಟ್‌ಮನ್. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದಾಗ, 1970ರ ದಶಕದ ನಡುವೆ, ಅವರು ‘ಬಿಲ್ಡಿಂಗ್ ಡಿಸ್ಕ್ರಿಪ್ಷನ್ ಸಿಸ್ಟಮ್’ ಎಂಬ ವ್ಯವಸ್ಥೆ ರೂಪಿಸಿದರು. ಕಟ್ಟಡ ವಿನ್ಯಾಸದಲ್ಲಿ ನಕ್ಷೆಗಳ ಬದಲು ಗಣಕವನ್ನೇ ಬಳಸುವ ಬಗ್ಗೆ 1975ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಪತ್ರಿಕೆಯಲ್ಲಿ ಲೇಖನ ಬರೆದರು. ಅವರ ವಾದ ನೇರವಾಗಿತ್ತು. ಮೂರು ಆಯಾಮದ ವಸ್ತುವನ್ನು ಕಾಗದದ ಮೇಲೆ ತೋರಿಸಲು ಕನಿಷ್ಠ ಎರಡು ಚಿತ್ರ ಬೇಕು. ಅಂದರೆ ಒಂದು ಅಳತೆಯನ್ನಾದರೂ ಎರಡು ಸಲ ಬರೆಯಲೇಬೇಕು. ಹಾಗೆ ಮಾಡುವ ಬದಲು ತೊಲೆ, ಕಂಬ, ಗೋಡೆಗಳನ್ನು ವಸ್ತುಗಳಾಗಿಯೇ ಗಣಕದಲ್ಲಿಟ್ಟರೆ ಪ್ಲಾನು, ಸೆಕ್ಷನ್ನು, ಸಾಮಗ್ರಿಯ ಪಟ್ಟಿ ಎಲ್ಲವನ್ನೂ ಅದೊಂದರಿಂದಲೇ ತೆಗೆಯಬಹುದು. ಬದಲಾವಣೆ ಒಂದೇ ಕಡೆ ಮಾಡಿದರೆ ಸಾಕು. ಇಂದು ಬಿಮ್ ಬಗ್ಗೆ ಹೇಳುವ ಮುಖ್ಯ ಮಾತುಗಳೆಲ್ಲ ಬಹುಪಾಲು ಆ ಲೇಖನದಲ್ಲೇ ಇವೆ. ಆಗ ಇರದಿದ್ದದ್ದು ಮೇಜಿನ ಮೇಲೆ ಕೂರುವ, ಸಾಮಾನ್ಯ ಕಚೇರಿ ಕೊಳ್ಳಬಲ್ಲ ಗಣಕ.

ಕಬ್ಬಿಣದ ಪರದೆಯ ಹಿಂದಿನ ದೇಶದಿಂದ

ಅಂಥ ಗಣಕ ಬಂದಾಗ ಮೊದಲು ಗೆದ್ದದ್ದು ಬೇರೆಯೇ ದಾರಿ. 1982ರಲ್ಲಿ ಹುಟ್ಟಿದ ಆಟೋಡೆಸ್ಕ್ ಕಂಪನಿ ಅದೇ ವರ್ಷ ‘ಆಟೋಕ್ಯಾಡ್’ ಹೊರತಂದಿತು. ಡ್ರಾಯಿಂಗ್ ಬೋರ್ಡು, ಟೀ-ಸ್ಕ್ವೇರುಗಳ ಕೆಲಸ ಪರದೆಗೆ ಬಂತು. ಅಳಿಸುವುದು, ನಕಲು ಮಾಡುವುದು ಸಲೀಸಾಯಿತು. ಆದರೆ ಎರಡು ಸಮಾನಾಂತರ ಗೆರೆ ಗೋಡೆ ಎಂದು ತಿಳಿದಿದ್ದದ್ದು ಬರೆದವನಿಗೆ, ಗಣಕಕ್ಕಲ್ಲ. ಹತ್ತು ಹಾಳೆ ತಿದ್ದುವ ವೇಗ ಹೆಚ್ಚಿತು. ಹತ್ತು ಹಾಳೆ ತಿದ್ದುವುದಂತೂ ತಪ್ಪಲಿಲ್ಲ.

ಇನ್ನೊಂದು ದಾರಿ ಹಿಡಿದವರು ಹಂಗೇರಿಯಲ್ಲಿದ್ದರು. ಬುಡಾಪೆಸ್ಟಿನ ಭೌತವಿಜ್ಞಾನಿ ಗಾಬೋರ್ ಬೊಯಾರ್ ಮತ್ತು ಸಂಗಡಿಗರು 1982ರಲ್ಲಿ ‘ಗ್ರಾಫಿಸಾಫ್ಟ್’ ಆರಂಭಿಸಿದರು. ಪಾಕ್ಷ್ ಪಟ್ಟಣದ ಅಣುವಿದ್ಯುತ್ ಸ್ಥಾವರದ ಜಟಿಲ ಕೊಳವೆ ಜಾಲವನ್ನು ಮೂರು ಆಯಾಮದಲ್ಲಿ ರೂಪಿಸಿದ್ದು ಅವರ ಮೊದಲ ದೊಡ್ಡ ಕೆಲಸಗಳಲ್ಲೊಂದು. ಅದು ಶೀತಲ ಸಮರದ ಕಾಲ. ಪಶ್ಚಿಮದ ಗಣಕಗಳು ಕಮ್ಯುನಿಸ್ಟ್ ದೇಶಗಳಿಗೆ ಹೋಗದಂತೆ ನಿರ್ಬಂಧವಿತ್ತು. ಆಪಲ್ ಯಂತ್ರಗಳನ್ನು ಕದ್ದುಮುಚ್ಚಿ ತರಿಸಿಕೊಂಡು ಇವರು ಕೆಲಸ ಮಾಡಿದರು. ಬಂಡವಾಳಕ್ಕಾಗಿ ಬೊಯಾರ್ ಹೆಂಡತಿಯ ಒಡವೆ ಅಡವಿಟ್ಟರು. ಮುಂದೆ ಆಪಲ್ ಕಂಪನಿಯೇ ಅವರ ಬೆನ್ನಿಗೆ ನಿಂತಿತು. ಆ ಋಣಕ್ಕಾಗಿ 2011ರಲ್ಲಿ ಬುಡಾಪೆಸ್ಟಿನ ತಮ್ಮ ಕಚೇರಿ ಆವರಣದಲ್ಲಿ ಸ್ಟೀವ್ ಜಾಬ್ಸ್ ಪ್ರತಿಮೆ ನಿಲ್ಲಿಸಿದರು. ಗ್ರಾಫಿಸಾಫ್ಟ್‌ನ ‘ಆರ್ಕಿಕ್ಯಾಡ್’ ತಂತ್ರಾಂಶದಲ್ಲಿ ಗೋಡೆ ಗೋಡೆಯೇ, ಛಾವಣಿ ಛಾವಣಿಯೇ ಆಗಿತ್ತು. ಮೇಜಿನ ಗಣಕದಲ್ಲಿ ಇಡೀ ಕಟ್ಟಡವನ್ನು ಕಟ್ಟಿ ನೋಡಬಹುದು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಇದೇ ಸುಮಾರಿಗೆ ಬ್ರಿಟನ್ನಿನಲ್ಲಿ ‘ರುಕ್ಯಾಪ್ಸ್’ ಎಂಬ ವ್ಯವಸ್ಥೆ ಬಳಸಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್ ನವೀಕರಣ ನಡೆಯಿತು. ಅದರಲ್ಲಿ ಯಾವ ಭಾಗ ಯಾವ ಹಂತದಲ್ಲಿ ಎಂಬ ಕಾಲಕ್ರಮವೂ ಸೇರಿತ್ತು. ರಾಬರ್ಟ್ ಏಶ್ ಅದನ್ನು 1986ರಲ್ಲಿ ‘ಬಿಲ್ಡಿಂಗ್ ಮಾಡೆಲಿಂಗ್’ ಎಂದು ಕರೆದು ಪ್ರಬಂಧ ಬರೆದರು. 1992ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರ ಪ್ರಬಂಧದಲ್ಲಿ ಆ ಹೆಸರಿನ ನಡುವೆ ‘ಇನ್ಫರ್ಮೇಷನ್’ ಸೇರಿತು.

ರೆವಿಟ್ ಬಂತು

1980ರ ದಶಕದ ಕೊನೆಗೆ ಯಂತ್ರಭಾಗಗಳನ್ನು ವಿನ್ಯಾಸ ಮಾಡುವವರಿಗೆ ‘ಪ್ರೊ/ಎಂಜಿನಿಯರ್’ ಎಂಬ ತಂತ್ರಾಂಶ ಸಿಕ್ಕಿತ್ತು. ಅದರಲ್ಲಿ ಅಳತೆಗಳು ಒಂದಕ್ಕೊಂದು ಗಂಟು ಬಿದ್ದಿರುತ್ತಿದ್ದವು; ಒಂದನ್ನು ಬದಲಿಸಿದರೆ ಉಳಿದವು ಹೊಂದಿಕೊಳ್ಳುತ್ತಿದ್ದವು. ಅದನ್ನು ಕಟ್ಟಿದ ಕಂಪನಿಯಿಂದ ಹೊರಬಂದ ಲಿಯೊನಿಡ್ ರೈಜ್ ಮತ್ತು ಇರ್ವಿನ್ ಯುಂಗ್ರೈಸ್, ಇದೇ ಬಲ ಕಟ್ಟಡಕ್ಕೂ ಸಿಗಬೇಕೆಂದು 1997ರಲ್ಲಿ ಬಾಸ್ಟನ್ ಬಳಿ ಚಾರ್ಲ್ಸ್ ರಿವರ್ ಸಾಫ್ಟ್‌ವೇರ್ ಶುರುಮಾಡಿದರು. 2000ದಲ್ಲಿ ಅವರ ‘ರೆವಿಟ್’ ಮಾರುಕಟ್ಟೆಗೆ ಬಂತು. ಎರಡೇ ವರ್ಷದಲ್ಲಿ ಆಟೋಡೆಸ್ಕ್ ಸುಮಾರು 13.3 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಗೆರೆಗಳ ರಾಜ್ಯ ಆಳುತ್ತಿದ್ದ ಕಂಪನಿಯೇ ವಸ್ತುಗಳ ಕಡೆ ಹೊರಳಿತ್ತು. ಬಿಮ್ ಎಂಬ ಹೆಸರು ಉದ್ಯಮದ ಬಾಯಲ್ಲಿ ನೆಲೆಯೂರಿದ್ದೂ ಆ ವರ್ಷಗಳಲ್ಲೇ.

ರೆವಿಟ್‌ನಲ್ಲಿ ಬಾಗಿಲು ಗೋಡೆಯನ್ನು ಆಶ್ರಯಿಸಿರುತ್ತದೆ. ಗೋಡೆ ಸರಿದರೆ ಬಾಗಿಲೂ ಸರಿಯುತ್ತದೆ. ಅಗಲವನ್ನು 1,200 ಎಂದು ತಿದ್ದಿದ ಕ್ಷಣವೇ ಪ್ಲಾನು, ಸೆಕ್ಷನ್ನು, ಪಟ್ಟಿ, ಗೋಡೆಯ ಚದರಳತೆ ಎಲ್ಲ ಬದಲಾಗುತ್ತವೆ. ಲಿಂಟಲ್ ಮಾತ್ರ ತಾನಾಗಿ ಬೆಳೆಯದು. ಬಾಗಿಲಿನ ಅಗಲಕ್ಕೆ ಲಿಂಟಲಿನ ಉದ್ದವನ್ನು ಯಾರಾದರೂ ಮೊದಲೇ ಗಂಟು ಹಾಕಿರಬೇಕು. ತಂತ್ರಾಂಶಕ್ಕೆ ಗೊತ್ತಿರುವುದು ನಾವು ಹೇಳಿಕೊಟ್ಟ ಸಂಬಂಧಗಳು ಮಾತ್ರ. ಬಿಮ್ ಕೆಲಸದಲ್ಲಿ ದಕ್ಷತೆ ಎಂಬುದರ ಮರ್ಮ ಇಲ್ಲೇ ಇದೆ: ಮೌಸ್ ಎಷ್ಟು ಬೇಗ ಓಡುತ್ತದೆ ಎಂಬುದಲ್ಲ, ಮಾಡೆಲ್ ತೆರೆಯುವ ಮೊದಲು ನಾವು ಎಷ್ಟು ನಿರ್ಧರಿಸಿದ್ದೇವೆ ಎಂಬುದು.

ಕಾರಿಡಾರಿನ ಲೆಕ್ಕ

ಒಂದು ಕಾರಿಡಾರನ್ನು ಹತ್ತಿರದಿಂದ ನೋಡೋಣ. ಮಹಡಿಯಿಂದ ಮಹಡಿಗೆ 3,300 ಮಿ.ಮೀ. ಸ್ಲ್ಯಾಬ್ ಸೇರಿ ಬೀಮಿನ ಆಳ 600, ನೆಲಹಾಸಿಗೆ 50. ಬೀಮಿನ ಕೆಳಗೆ ಉಳಿಯುವುದು 2,650. ಹವಾನಿಯಂತ್ರಣದ ಡಕ್ಟ್, ಅದರ ಹೊದಿಕೆ ಸೇರಿ 400. ಫಾಲ್ಸ್ ಸೀಲಿಂಗಿನ ಚೌಕಟ್ಟಿಗೆ 50. ಕೊನೆಗೆ ತಲೆಯ ಮೇಲೆ ಸಿಗುವುದು 2,200. ವಾಸ್ತುಶಿಲ್ಪಿ ಬರೆದಿರುವುದು 2,400. ಸ್ಟ್ರಕ್ಚರಲ್ ಎಂಜಿನಿಯರ್ ತಪ್ಪಿಲ್ಲ, ಎಸಿ ಎಂಜಿನಿಯರ್ ತಪ್ಪಿಲ್ಲ, ವಾಸ್ತುಶಿಲ್ಪಿಯದೂ ತಪ್ಪಿಲ್ಲ. ಮೂವರ ಹಾಳೆಗಳೂ ಬಿಡಿಬಿಡಿಯಾಗಿ ಸರಿಯೇ. ಒಟ್ಟಿಗಿಟ್ಟಾಗ ಮಾತ್ರ 200 ಮಿ.ಮೀ. ಕೊರತೆ ಕಾಣುತ್ತದೆ.

ಮೂರೂ ಮಾಡೆಲುಗಳನ್ನು ನೇವಿಸ್‌ವರ್ಕ್ಸ್‌ನಂಥ ತಂತ್ರಾಂಶದಲ್ಲಿ ಜೋಡಿಸಿ, ಒಂದಕ್ಕೊಂದು ಅಡ್ಡಬರುವುದನ್ನು ಹುಡುಕುವ ‘ಕ್ಲ್ಯಾಶ್’ ಪರೀಕ್ಷೆ ಮಾಡಿದರೆ ಇದು ನಿಮಿಷಗಳಲ್ಲಿ ಬಯಲಾಗುತ್ತದೆ. ಡಕ್ಟನ್ನು ಚಪ್ಪಟೆ ಮಾಡಿ ಅಗಲಿಸಬಹುದು, ಕೋಣೆಗಳ ಮೇಲಿಂದ ತಿರುಗಿಸಬಹುದು, ಎಂಜಿನಿಯರ್ ಒಪ್ಪಿದರೆ ಬೀಮಿನಲ್ಲಿ ಸ್ಲೀವ್ ಬಿಡಬಹುದು. ಕಾಂಕ್ರೀಟ್ ಹಾಕಿ ಆದಮೇಲೆ ಗೊತ್ತಾದರೆ ಉಳಿಯುವುದು ಬೀಮಿಗೆ ತೂತು ಕೊರೆಯುವ ಅಪಾಯ, ಇಲ್ಲವೇ ತಗ್ಗು ಸೀಲಿಂಗ್.

ಆದರೆ ಪರೀಕ್ಷೆಯ ಗುಂಡಿ ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯದು. ಎಲ್ಲವನ್ನೂ ಎಲ್ಲದರ ಜೊತೆ ತಾಳೆ ನೋಡಿದರೆ ಸಾವಿರಾರು ಕ್ಲ್ಯಾಶ್ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಸೈಟಿನಲ್ಲಿ ಕೊಳಾಯಿ ಕೆಲಸದವರು ತಾವೇ ಸರಿಮಾಡಿಕೊಳ್ಳುವಂಥವು. ಬಲ್ಲವರು ಮೊದಲು ಬೀಮಿಗೂ ದೊಡ್ಡ ಡಕ್ಟಿಗೂ ತಾಳೆ ನೋಡುತ್ತಾರೆ. ಆಮೇಲೆ ಇಳಿಜಾರು ಬೇಕಾದ ಚರಂಡಿ ಪೈಪು, ಕೊನೆಗೆ ಬಗ್ಗಿಸಲು ಬರುವ ಸಣ್ಣ ಪೈಪು, ಕೇಬಲ್ಲು. ಇಳಿಜಾರಿನ ಪೈಪಿಗೆ ದಾರಿ ಬಿಟ್ಟು ನೀರಿನ ಒತ್ತಡದ ಪೈಪು ಪಕ್ಕಕ್ಕೆ ಸರಿಯಬೇಕು ಎಂಬ ನಿಯಮವನ್ನು ಮೊದಲ ಸಭೆಯಲ್ಲೇ ಬರೆದಿಟ್ಟರೆ ಮುಂದಿನ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ.

ದಿನನಿತ್ಯದ ವೇಗವೂ ಇಂಥದೇ ಪೂರ್ವಸಿದ್ಧತೆಯಿಂದ ಬರುತ್ತದೆ. ಕಚೇರಿಗೊಂದು ಒಪ್ಪವಾದ ಟೆಂಪ್ಲೇಟ್ ಇದ್ದರೆ ಪ್ರತಿ ಯೋಜನೆಯಲ್ಲೂ ಗೆರೆಯ ದಪ್ಪ, ಹಾಳೆಯ ಹೆಸರು ಹೊಸದಾಗಿ ಹೊಂದಿಸಬೇಕಿಲ್ಲ. ಅಂತರ್ಜಾಲದಿಂದ ಇಳಿಸಿಕೊಂಡ, ಸ್ಕ್ರೂ ಸಮೇತ ರೂಪಿಸಿದ ಕುರ್ಚಿಯನ್ನು ಐನೂರು ಕಡೆ ಇಟ್ಟರೆ ಮಾಡೆಲ್ ತೆವಳುತ್ತದೆ. ಸರಳ ಆಕಾರದ ಕುರ್ಚಿ ಸಾಕು. ದೊಡ್ಡ ಯೋಜನೆಯಲ್ಲಿ ಎಲ್ಲರೂ ಒಂದೇ ಮೂಲ ಕಡತದ ಸ್ಥಳೀಯ ಪ್ರತಿಗಳಲ್ಲಿ ಕೆಲಸ ಮಾಡಿ ಆಗಾಗ ‘ಸಿಂಕ್’ ಮಾಡುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಸಿಂಕ್ ಒತ್ತದೆ ಸರದಿಯಲ್ಲಿ ಮಾಡಿದರೆ ಕಾಯುವ ಸಮಯ ಉಳಿಯುತ್ತದೆ. ತಂತ್ರಾಂಶ ಕೊಡುವ ಎಚ್ಚರಿಕೆಗಳನ್ನು ವಾರಕ್ಕೊಮ್ಮೆ ಬಗೆಹರಿಸಬೇಕು, ಬಳಸದ ಸರಕನ್ನು ತೆಗೆದುಹಾಕಬೇಕು. ಕೋಣೆಗಳಿಗೆ ಸಂಖ್ಯೆ ಕೊಡುವಂಥ ಬೇಸರದ ಕೆಲಸವನ್ನು ‘ಡೈನಮೋ’ದಂಥ ಉಪಕರಣಕ್ಕೆ ಒಪ್ಪಿಸಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಎಷ್ಟು ರೂಪಿಸಬೇಕು ಎಂಬ ವಿವೇಕ. ಮಾಡೆಲಿನ ವಿವರ ಯಾವ ಹಂತದಲ್ಲಿ ಎಷ್ಟಿರಬೇಕು ಎಂಬುದಕ್ಕೆ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 2008ರಲ್ಲಿ 100ರಿಂದ 500ರವರೆಗಿನ ಮಟ್ಟಗಳನ್ನು ಗೊತ್ತುಮಾಡಿತು. ಗೋಡೆ ಎಲ್ಲಿ ಬರುತ್ತದೆ ಎಂದೇ ಖಚಿತವಾಗದಿದ್ದಾಗ ಅದರ ಸ್ಕರ್ಟಿಂಗ್ ರೂಪಿಸುವುದು ವ್ಯರ್ಥ ದುಡಿಮೆ.

ಸರ್ಕಾರ ಕೇಳಿದಾಗ

ಉಪಕರಣಗಳು ಹೆಚ್ಚಿದಂತೆ ಹೊಸ ತೊಡಕು ಎದ್ದಿತು: ಒಂದು ಕಂಪನಿಯ ಕಡತ ಇನ್ನೊಂದರಲ್ಲಿ ತೆರೆಯುವುದಿಲ್ಲ. ಎಲ್ಲರಿಗೂ ಓದಲು ಬರುವ ‘ಐಎಫ್‌ಸಿ’ ಎಂಬ ಮುಕ್ತ ಕಡತರೂಪಕ್ಕಾಗಿ 1990ರ ದಶಕದಲ್ಲೇ ಕಂಪನಿಗಳು ಒಟ್ಟುಗೂಡಿದವು. 2013ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಬ್ರಿಟನ್ 2011ರಲ್ಲಿ ಒಂದು ದಿಟ್ಟ ನಿರ್ಧಾರ ಪ್ರಕಟಿಸಿತು: 2016ರ ಹೊತ್ತಿಗೆ ಕೇಂದ್ರ ಸರ್ಕಾರದ ಕಾಮಗಾರಿಗಳಲ್ಲಿ ಬಿಮ್ ಕಡ್ಡಾಯ. ಯಾರು ಯಾವ ಮಾಹಿತಿಯನ್ನು, ಯಾವಾಗ, ಯಾವ ಹೆಸರಿನಲ್ಲಿ ಕೊಡಬೇಕು ಎಂದು ಅಲ್ಲಿ ಬರೆದ ನಿಯಮಗಳೇ ಬೆಳೆದು 2018ರಲ್ಲಿ ‘ಐಎಸ್‌ಒ 19650’ ಆದವು.

ಆ ನಿರ್ಧಾರದ ಅಲೆ ಬೆಂಗಳೂರಿಗೂ ತಾಗಿದೆ. ವಿದೇಶಿ ಎಂಜಿನಿಯರಿಂಗ್ ಸಂಸ್ಥೆಗಳು ಇಲ್ಲಿ ದೊಡ್ಡ ವಿನ್ಯಾಸ ಕೇಂದ್ರಗಳನ್ನು ತೆರೆದಿವೆ. ನಮ್ಮ ಕಾಲೇಜುಗಳಲ್ಲಿ ಓದಿದ ಹುಡುಗ ಹುಡುಗಿಯರು ಅಲ್ಲಿ ಕೂತು ಬ್ರಿಟನ್, ಅಮೆರಿಕ, ಕೊಲ್ಲಿ ದೇಶಗಳ ಸೇತುವೆ, ಆಸ್ಪತ್ರೆಗಳ ಮಾಡೆಲ್ ಕಟ್ಟುತ್ತಿದ್ದಾರೆ. ನಾಗಪುರದ ಮೆಟ್ರೊ, ಕಾಲ ಮತ್ತು ವೆಚ್ಚವನ್ನೂ ಬೆಸೆದ ‘5ಡಿ ಬಿಮ್’ ಬಳಸಿ ನಮ್ಮ ದೇಶದಲ್ಲೂ ಇದು ಸಾಧ್ಯವೆಂದು ತೋರಿಸಿತು. ಆದರೂ ನಮ್ಮೂರಿನ ಶಾಲೆ, ತಾಲ್ಲೂಕು ಆಸ್ಪತ್ರೆಗಳ ಎಷ್ಟೋ ಕಾಮಗಾರಿಗಳಲ್ಲಿ ಈಗಲೂ ಬಿಡಿ ಹಾಳೆಗಳದೇ ಆಳ್ವಿಕೆ. ಹೊರದೇಶದ ಕಟ್ಟಡಕ್ಕೆ ದಿನವಿಡೀ ಕೊಡುವ ಕೌಶಲ ನಮ್ಮದೇ ಕಟ್ಟಡಕ್ಕೆ ಸಿಗುತ್ತಿಲ್ಲ ಎಂಬುದು ನೋವಿನ ಸಂಗತಿ.

ಇದಕ್ಕೆ ಕಾರಣ ತಂತ್ರಾಂಶದ ಬೆಲೆಯೊಂದೇ ಅಲ್ಲ. ಎಚ್‌ಒಕೆ ಸಂಸ್ಥೆಯ ವಾಸ್ತುಶಿಲ್ಪಿ ಪ್ಯಾಟ್ರಿಕ್ ಮ್ಯಾಕ್ಲೀಮಿ 2004ರ ಸುಮಾರಿಗೆ ಜನಪ್ರಿಯಗೊಳಿಸಿದ ರೇಖಾಚಿತ್ರವೊಂದಿದೆ. ಯೋಜನೆ ಮುಂದುವರಿದಂತೆ ವೆಚ್ಚದ ಮೇಲಿನ ನಮ್ಮ ಹಿಡಿತ ಇಳಿಯುತ್ತದೆ, ಬದಲಾವಣೆಯ ಖರ್ಚು ಏರುತ್ತದೆ. ಆದ್ದರಿಂದ ದುಡಿಮೆಯ ಬಹುಪಾಲು ಮೊದಲಿಗೇ ಬರಬೇಕು ಎಂದು ಅದು ಹೇಳುತ್ತದೆ. ನಾವಾದರೋ ಮೊದಲ ಹಂತಕ್ಕೆ ಕಡಿಮೆ ಸಮಯ, ಕಡಿಮೆ ಶುಲ್ಕ ಕೊಟ್ಟು ಬೇಗ ಗುದ್ದಲಿಪೂಜೆ ಮಾಡುತ್ತೇವೆ. ಆಮೇಲೆ ಸೈಟಿನಲ್ಲಿ ಒಡೆದು ಕಟ್ಟುತ್ತೇವೆ.

ಇದನ್ನು ಬದಲಿಸಬಲ್ಲವರು ಕಟ್ಟಿಸುವವರು. ಸರ್ಕಾರಿ ಇಲಾಖೆಗಳು ಟೆಂಡರಿನಲ್ಲಿ ‘ಬಿಮ್ ಬೇಕು’ ಎಂದು ಒಂದು ಸಾಲು ಬರೆದರೆ ಸಾಲದು. ಯಾವ ಮಾಹಿತಿ, ಯಾವ ಹಂತದಲ್ಲಿ, ಯಾವ ಮುಕ್ತ ರೂಪದಲ್ಲಿ ಬೇಕು ಎಂದು ಬರೆಯಬೇಕು. ಆ ಕೆಲಸಕ್ಕೆ ತಕ್ಕ ಶುಲ್ಕ ಕೊಡಬೇಕು. ಕಟ್ಟಡ ಮುಗಿದಮೇಲೆ ಮಾಡೆಲನ್ನು ಪಡೆದು ನಿರ್ವಹಣೆಗೆ ಬಳಸಬೇಕು. ಎಂಜಿನಿಯರಿಂಗ್ ಕಾಲೇಜುಗಳು ಗುಂಡಿಗಳ ಪರಿಚಯಕ್ಕೆ ನಿಲ್ಲದೆ, ಸಿವಿಲ್, ವಾಸ್ತುಶಿಲ್ಪ, ವಿದ್ಯುತ್ ವಿಭಾಗದ ವಿದ್ಯಾರ್ಥಿಗಳನ್ನು ಒಂದೇ ಮಾಡೆಲಿನ ಮೇಲೆ ಒಟ್ಟಿಗೆ ದುಡಿಸಬೇಕು. ಒಂದು ಜಿಲ್ಲೆಯ ಒಂದು ಆಸ್ಪತ್ರೆಯಿಂದ ಶುರುಮಾಡಿದರೂ ಸರಿ. ಕೈಗಳು ನಮ್ಮಲ್ಲೇ ಇವೆ, ದಾರಿ ಬೇರೆಯವರು ಸವೆಸಿಟ್ಟದ್ದು ಇದೆ. ಕೇಳುವ ಇಲಾಖೆಯೊಂದು ಮುಂದೆ ಬರಬೇಕಾಗಿದೆ.